ಕ್ಯಾಮೆರಾ ಹಿಂದಿನಿಂದ ಕಂಪನಿಯ ಕುರ್ಚಿಗೆ

ಇಷ್ಟು ವರ್ಷ ಸಿನಿಮಾ ಛಾಯಾಗ್ರಹಣ ಮಾಡಿ, ಈಗ ಡಿಜಿಟಲ್ ಕ್ಯಾಮೆರಾ ಕಂಪನಿಯ ಉತ್ಪನ್ನ ವಿಭಾಗದ ಮುಖ್ಯಸ್ಥರಾದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. 1917ರಲ್ಲಿ ಮ್ಯೂನಿಕ್‌ನಲ್ಲಿ ಆರಿ ಎಂಬ ಸಿನಿಮಾ ಕ್ಯಾಮೆರಾ ಕಂಪನಿಯನ್ನು ಕಟ್ಟಿದ ಆಗಸ್ಟ್ ಆರ್ನಾಲ್ಡ್ ಮತ್ತು ರಾಬರ್ಟ್ ರಿಕ್ಟರ್ ಸ್ವತಃ ಕ್ಯಾಮೆರಾ ಹಿಡಿದವರು. ಅವರ ಕಂಪನಿಯ 1937ರ ಆರಿಫ್ಲೆಕ್ಸ್ 35 ಕ್ಯಾಮೆರಾದಲ್ಲಿ ತಿರುಗುವ ಕನ್ನಡಿ ಷಟರ್ ಬಂತು. ಚಿತ್ರೀಕರಣ ನಡೆಯುತ್ತಿರುವಾಗಲೇ ಲೆನ್ಸ್ ಕಾಣುವುದನ್ನು ಕಣ್ಣಿಗೆ ತೋರಿಸುವ ವ್ಯವಸ್ಥೆ ಅದು. ರೂಪಿಸಿದವರು ಎಂಜಿನಿಯರ್ ಎರಿಕ್ ಕೆಸ್ಟ್ನರ್, ಆದರೆ ಅದರ ಅಗತ್ಯ ಹುಟ್ಟಿದ್ದು ಸೆಟ್‌ನಲ್ಲಿ.

ಹಾಗೆಂದು ಈ ಹಿನ್ನೆಲೆ ಕಡ್ಡಾಯವೇನೂ ಅಲ್ಲ. ರೆಡ್ ಎಂಬ ಡಿಜಿಟಲ್ ಸಿನಿಮಾ ಕ್ಯಾಮೆರಾ ಕಂಪನಿ ಸ್ಥಾಪಿಸಿದ ಜಿಮ್ ಜನ್ನಾರ್ಡ್ ಓಕ್ಲಿ ಕನ್ನಡಕದ ಉದ್ಯಮದಿಂದ ಬಂದವರು!

ನಿಮ್ಮ ಬೆಲೆ ಸಣ್ಣ ವಿಷಯಗಳಲ್ಲಿದೆ. ಆರಿಯ 2010ರ ಡಿಜಿಟಲ್ ಕ್ಯಾಮೆರಾ ಅಲೆಕ್ಸಾದ ಮುಖ್ಯ ಪರದೆ ಇರುವುದು ಬಲಬದಿಯಲ್ಲಿ, ಸಹಾಯಕರು ನಿಲ್ಲುವ ಕಡೆ. ವ್ಯೂಫೈಂಡರ್‌ಗೆ ಕಣ್ಣಿಟ್ಟವರನ್ನು ಕದಲಿಸದೆ ಅವರು ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಬದಲಿಸಬಹುದು. ಕಿಟಕಿಯ ಬೆಳಕು ಕೆನ್ನೆಯ ಮೇಲೆ ವಿವರವಿಲ್ಲದ ಬಿಳುಪಾಗಿ ಸುಟ್ಟುಹೋಗುವ ಬಿಂದು ಯಾವುದು, ಕತ್ತಲಲ್ಲಿ ಬೆರಳು ಯಾವ ಗುಂಡಿಯನ್ನು ತಡಕಾಡುತ್ತದೆ ಎಂಬುದನ್ನೂ, ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರ್‌ನ ಅಂಕಿಪಟ್ಟಿ ಹೇಳುವುದಿಲ್ಲ.

ಕಷ್ಟವೆಂದರೆ ಕಾಲದ ಲೆಕ್ಕ. ಸೆಟ್‌ನಲ್ಲಿ ನಿರ್ಧಾರದ ಫಲ ಸಂಜೆಯೊಳಗೆ ಕಾಣುತ್ತದೆ. ಇಲ್ಲಿ ಸೆನ್ಸರ್ ಆಯ್ಕೆಯ ಫಲಕ್ಕೆ ವರ್ಷಗಳು ಬೇಕು. ಮಾರಾಟದ ಸಭೆಗಳು ಬೇರೆ, ಬೇಸರ ತರಿಸುತ್ತವೆ.

ಒಪ್ಪುವ ಮುನ್ನ ಒಂದನ್ನು ಕೇಳಿ: ದೋಷವಿರುವ ಫರ್ಮ್‌ವೇರ್ (ಕ್ಯಾಮೆರಾ ನಡೆಸುವ ತಂತ್ರಾಂಶ) ಬಿಡುಗಡೆಯನ್ನು ತಡೆಯುವ ಅಧಿಕಾರ ನಿಮಗಿರುತ್ತದೆಯೇ? ಇಲ್ಲವಾದರೆ ಅವರಿಗೆ ಬೇಕಿರುವುದು ನಿಮ್ಮ ಹೆಸರು ಮಾತ್ರ. ವರ್ಷಕ್ಕೊಂದು ಚಿತ್ರ ಮಾಡಲು ಅನುಮತಿಯನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.