ಮಕ್ಕಳ ಕ್ರಿಕೆಟ್ ಕ್ಲಬ್ಬಿಗೆ ಪೋಕೀಸ್ ದುಡ್ಡು: ಎಲ್ಲಿಂದ ಬರುತ್ತದೆ, ಬಿಡುವುದಾದರೆ ಹೇಗೆ?

ಸಿಡ್ನಿಯಲ್ಲಿ ಮಗ ಆಡುವ ಜೂನಿಯರ್ ಕ್ರಿಕೆಟ್ ಕ್ಲಬ್ಬಿನ ಸಮಿತಿಗೆ ನಿಮ್ಮನ್ನು ಸೇರಿಸಿಕೊಂಡಿದ್ದಾರೆ. ಖರ್ಚಿನ ದೊಡ್ಡ ಪಾಲು ಹತ್ತಿರದ ಲೀಗ್ಸ್ ಕ್ಲಬ್ (ರಗ್ಬಿ ಲೀಗ್ ಆಟದ ಜೊತೆ ಬೆಳೆದ, ಊಟ, ಬಾರ್ ಇರುವ ಸದಸ್ಯರ ಕ್ಲಬ್) ಕೊಡುತ್ತದೆ, ಆ ಲೀಗ್ಸ್ ಕ್ಲಬ್ ನಡೆಯುವುದು ಪೋಕೀಸ್ ಮೇಲೆ, ಅಂದರೆ ಜೂಜಿನ ಯಂತ್ರಗಳ ಮೇಲೆ. ಆ ದುಡ್ಡಿನ ಲೆಕ್ಕವೇನು, ಮಕ್ಕಳ ಆಟ ನಿಲ್ಲದ ಹಾಗೆ ಅದನ್ನು ಬಿಡಲು ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಎರಡು ಸೀಸನ್ ಹಿಡಿಯುತ್ತದೆ.

ಮೊದಲು ಯಂತ್ರದಿಂದ ಶುರು ಮಾಡೋಣ, ಯಾಕೆಂದರೆ ಸಮಿತಿಯಲ್ಲಿ ಯಾರಾದರೂ ಒಬ್ಬರು "ಅದು 90 ಪರ್ಸೆಂಟ್ ವಾಪಸ್ ಕೊಡುತ್ತೆ" ಅಂದೇ ಅನ್ನುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಕನಿಷ್ಠ ಶೇ. 85 ವಾಪಸ್ ಬರಬೇಕೆಂದು ನಿಯಮವಿದೆ, ಸಾಮಾನ್ಯವಾಗಿ 90ರ ಆಸುಪಾಸು ಇರುತ್ತದೆ. ಆದರೆ ಅದು ಒಂದೊಂದು ಬಾಜಿಯ ಮೇಲಿನ ಲೆಕ್ಕ, ಜೇಬಿನ ದುಡ್ಡಿನ ಮೇಲಿನದ್ದಲ್ಲ. 100 ಡಾಲರ್ ಹಾಕಿದವರಿಗೆ ಸರಾಸರಿ 90 ಉಳಿಯುತ್ತದೆ. ಅದನ್ನೇ ಮತ್ತೆ ಆಡಿದರೆ 81, ಮತ್ತೆ ಆಡಿದರೆ 73. ಹತ್ತು ಸುತ್ತಿಗೆ ಕೈಯಲ್ಲಿರುವುದು 35 ಡಾಲರ್. ಯಂತ್ರ ಹೇಳಿದ ಮಾತಿಗೆ ತಪ್ಪಿಲ್ಲ, ಆದರೂ 65 ಡಾಲರ್ ಹೋಯಿತು. ಮೂರು ಸೆಕೆಂಡಿಗೊಮ್ಮೆ ಗುಂಡಿ ಒತ್ತಿದರೆ ಗಂಟೆಗೆ 1,200 ಆಟ. ಒಂದು ಡಾಲರಿನ ಬಾಜಿಗೆ ಗಂಟೆಗೆ ಸರಾಸರಿ 120 ಡಾಲರ್ ನಷ್ಟ, ಇಲ್ಲಿ ಅನುಮತಿಯಿರುವ ಗರಿಷ್ಠ 10 ಡಾಲರಿನ ಬಾಜಿಗೆ 1,200 ಡಾಲರ್. ಆಸ್ಟ್ರೇಲಿಯ ಸರ್ಕಾರದ ಸಲಹಾ ಸಂಸ್ಥೆ ಪ್ರೊಡಕ್ಟಿವಿಟಿ ಕಮಿಷನ್ 2010ರ ವರದಿಯಲ್ಲಿ ಬಾಜಿಯನ್ನು ಒಂದು ಡಾಲರಿಗೆ ಇಳಿಸಿ ಎಂದು ಶಿಫಾರಸು ಮಾಡಿದ್ದು ಈ ಕಾರಣಕ್ಕೇ. ಪೋಕೀಸ್ ಮೇಲೆ ಜನ ಕಳೆದುಕೊಳ್ಳುವ ದುಡ್ಡಿನಲ್ಲಿ ಸುಮಾರು ಶೇ. 40 ಜೂಜಿನ ಚಟಕ್ಕೆ ಸಿಕ್ಕಿದವರದ್ದು ಎಂದು ಅಂದಾಜು ಮಾಡಿದ್ದೂ ಅದೇ ವರದಿ. ಮಕ್ಕಳ ಚೆಂಡು, ಪ್ಯಾಡಿಗೆ ಬರುವ ದುಡ್ಡಿನ ಮೂಲ ಹುಡುಕುತ್ತಾ ಹೋದರೆ ಮುಟ್ಟುವುದು ಈ ಜನರ ಮನೆಗಳನ್ನು. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ನಮ್ಮ ಕಡೆಯ ರಿಕ್ರಿಯೇಷನ್ ಕ್ಲಬ್ಬುಗಳೂ ಇಸ್ಪೀಟಿನ ಟೇಬಲ್ಲಿನಿಂದಲೇ ನಡೆಯುತ್ತವಲ್ಲ ಅಂತ ನಮ್ಮವರು ಹೇಳಬಹುದು. ವ್ಯತ್ಯಾಸ ದೊಡ್ಡದಿದೆ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ ಪ್ರಕರಣದಲ್ಲಿ ಸದಸ್ಯರು ತಮ್ಮತಮ್ಮಲ್ಲೇ ಆಡುತ್ತಿದ್ದರು, ಕ್ಲಬ್ ಪಡೆಯುತ್ತಿದ್ದದ್ದು ಆಟದ ಶುಲ್ಕ ಮಾತ್ರ. ಪೋಕೀಸ್‌ನಲ್ಲಿ ಎದುರಾಳಿ ಕ್ಲಬ್ಬೇ. ಸದಸ್ಯ ಸೋತಷ್ಟೂ ಕ್ಲಬ್ಬಿಗೆ ಆದಾಯ.

ಇನ್ನು ನಿಮ್ಮ ಕ್ಲಬ್ಬಿಗೆ ದುಡ್ಡು ಬರುವ ದಾರಿ. ನ್ಯೂ ಸೌತ್ ವೇಲ್ಸ್ 1956ರಲ್ಲಿ ನೋಂದಾಯಿತ ಕ್ಲಬ್ಬುಗಳಿಗೆ ಈ ಯಂತ್ರಗಳನ್ನು ಕಾನೂನುಬದ್ಧ ಮಾಡಿತು. ಈಗ ಕ್ಲಬ್ಬು, ಪಬ್ಬು ಸೇರಿ ರಾಜ್ಯದಲ್ಲಿ 80 ಸಾವಿರಕ್ಕೂ ಹೆಚ್ಚಿವೆ. ಸಮುದಾಯಕ್ಕೆ ಕೊಡುವ ದುಡ್ಡಿನ ಮುಖ್ಯ ಯೋಜನೆ ಕ್ಲಬ್‌ಗ್ರಾಂಟ್ಸ್. ಬಹುಮಾನ ಕೊಟ್ಟು ಉಳಿದ ಯಂತ್ರದ ಆದಾಯ ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದರೆ, ದಾಟಿದ ಭಾಗದ ಶೇ. 1.85ರಷ್ಟನ್ನು ಸಮುದಾಯದ ಕೆಲಸಗಳಿಗೆ ಕೊಟ್ಟ ಕ್ಲಬ್ಬಿಗೆ ಅಷ್ಟೇ ತೆರಿಗೆ ರಿಯಾಯಿತಿ ಸಿಗುತ್ತದೆ. ಉದಾಹರಣೆಗೆ ಆದಾಯ 50 ಲಕ್ಷ ಡಾಲರ್ ಎಂದುಕೊಳ್ಳಿ. 40 ಲಕ್ಷದ ಮೇಲೆ 74,000 ಡಾಲರ್. ಇದರಲ್ಲಿ ಕನಿಷ್ಠ 30,000, ಅಂದರೆ ಶೇ. 0.75, ಮೊದಲ ವರ್ಗಕ್ಕೆ ಹೋಗಬೇಕು: ಸಮಾಜಸೇವೆ, ಆರೋಗ್ಯ, ಉದ್ಯೋಗ ಇತ್ಯಾದಿ. ನಿಮ್ಮಂಥ ಜೂನಿಯರ್ ಕ್ಲಬ್ಬುಗಳು ಬರುವುದು ಎರಡನೇ ವರ್ಗದಲ್ಲಿ, ಉಳಿದ 44,000ದಲ್ಲಿ, ಹತ್ತಾರು ತಂಡಗಳ ಜೊತೆ. ಅದರಲ್ಲಿ ನಿಮ್ಮ ಪಾಲು 4,000 ಎಂದುಕೊಳ್ಳಿ. ಗಮನಿಸಿ: ಜನ 50 ಲಕ್ಷ ಕಳೆದುಕೊಂಡರು, ನಿಮಗೆ 4,000 ಬಂತು. ಆ 4,000 ಸರ್ಕಾರ ಬಿಟ್ಟುಕೊಟ್ಟ ತೆರಿಗೆ, ಅಂಗಿಯ ಮೇಲೆ ಹೆಸರು ಮಾತ್ರ ಲೀಗ್ಸ್ ಕ್ಲಬ್ಬಿನದು. ಯೋಜನೆಯ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ನಿಯಮ ಆಗಾಗ ಬದಲಾಗುತ್ತದೆ, ಆಯಾ ವರ್ಷದ ಮಾರ್ಗಸೂಚಿ ತೆಗೆದು ನೋಡಿ.

ಪೋಕೀಸ್ ಇಲ್ಲದೆ ಆಟ ಸಾಯುತ್ತದೆ ಅನ್ನುವವರಿಗೆ ಪಶ್ಚಿಮ ಆಸ್ಟ್ರೇಲಿಯ ತೋರಿಸಿ. ಅಲ್ಲಿ ಪರ್ತ್‌ನ ಕ್ಯಾಸಿನೊ ಬಿಟ್ಟರೆ ಬೇರೆಲ್ಲೂ ಈ ಯಂತ್ರಗಳಿಲ್ಲ, ಮೈದಾನಗಳು ಖಾಲಿ ಬಿದ್ದಿಲ್ಲ. ವಿಕ್ಟೋರಿಯದ ಫುಟ್‌ಬಾಲ್ ಕ್ಲಬ್ ನಾರ್ತ್ ಮೆಲ್ಬರ್ನ್ 2008ರಲ್ಲೇ ಪೋಕೀಸ್‌ನಿಂದ ಹೊರಬಂತು. ಆಗ ಅದು ಶ್ರೀಮಂತ ತಂಡವಲ್ಲ, ತಂಡವನ್ನೇ ಬೇರೆ ರಾಜ್ಯದ ಗೋಲ್ಡ್ ಕೋಸ್ಟಿಗೆ ಒಯ್ಯಿರಿ ಎಂಬ ಒತ್ತಡವನ್ನು ಹಿಂದಿನ ವರ್ಷವಷ್ಟೇ ತಳ್ಳಿಹಾಕಿತ್ತು. ಆಮೇಲೆ ಕಾಲಿಂಗ್‌ವುಡ್, ಮೆಲ್ಬರ್ನ್, ಜೀಲಾಂಗ್, ವೆಸ್ಟರ್ನ್ ಬುಲ್‌ಡಾಗ್ಸ್, ಹಾಥಾರ್ನ್ ಕೂಡ ಬಿಟ್ಟವು.

ಈಗ ನಿಮ್ಮ ಕೆಲಸ. ಲೀಗ್ಸ್ ಕ್ಲಬ್ಬಿನಿಂದ ಬರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ನಗದು ಎಲ್ಲರಿಗೂ ಗೊತ್ತಿರುತ್ತದೆ, ಬಿಟ್ಟುಹೋಗುವುದು ವಸ್ತುರೂಪದ್ದು. ಬಹುಮಾನ ವಿತರಣೆಯ ಹಾಲ್, ಅವತ್ತಿನ ಊಟ, ಟ್ರೋಫಿ, ಅಂಗಿ, ಸಮಿತಿ ಸಭೆಯ ಕೋಣೆ. ಪ್ರತಿಯೊಂದಕ್ಕೂ ಹೊರಗೆ ಕೊಂಡರೆ ಎಷ್ಟು ಅಂತ ಬೆಲೆ ಹಾಕಿ. 120 ಮಕ್ಕಳ ಕ್ಲಬ್ ಎಂದು ಊಹಿಸಿ: ನಗದು 4,000, ಅಂಗಿ ತಲಾ 25ರಂತೆ 3,000, ಹಾಲ್, ಊಟ, ಟ್ರೋಫಿ ಸೇರಿ 2,000. ಒಟ್ಟು 9,000, ಮಗುವಿಗೆ 75 ಡಾಲರ್. ಈ 75ನ್ನು ಒಂದೇ ಏಟಿಗೆ ಫೀಸಿಗೆ ಸೇರಿಸಿದರೆ ಕಷ್ಟದಲ್ಲಿರುವ ಮನೆಯ ಮಕ್ಕಳೇ ಮೊದಲು ಬಿಡುವುದು. ಹಾಗೆ ಮಾಡಲೇಬೇಡಿ.

ಮೊದಲು ಖರ್ಚು ಇಳಿಸಿ. ಬಹುಮಾನ ವಿತರಣೆ ಮೈದಾನದಲ್ಲೇ, ಬಾರ್ಬೆಕ್ಯೂ ಜೊತೆ: 2,000 ಇದ್ದದ್ದು 800ಕ್ಕೆ ಬರುತ್ತದೆ. ಅಂಗಿ ಎರಡು ಸೀಸನ್ ಬಾಳುತ್ತದೆ, ಪ್ರತಿ ವರ್ಷ ಹೊಸದು ಬೇಕಿಲ್ಲ: 1,500. ನಗದು 4,000 ಸೇರಿಸಿ ತುಂಬಬೇಕಾದದ್ದು 6,300. ಊರಿನ ನಾಲ್ಕು ಅಂಗಡಿಗಳಿಂದ ತಲಾ 750ರಂತೆ 3,000. ಹಲ್ಲಿನ ಡಾಕ್ಟರು, ಫಿಸಿಯೊ, ಇಂಡಿಯನ್ ಗ್ರೋಸರಿ, ಟ್ಯೂಷನ್ ಸೆಂಟರ್ ಇಂಥವರು. ವೆಂಟ್‌ವರ್ತ್‌ವಿಲ್, ಟೂಂಗಾಬಿ ಕಡೆ ನಮ್ಮವರ ಅಂಗಡಿಗಳಿಗೇನು ಕೊರತೆಯಿಲ್ಲ. ರಿಟರ್ನ್ ಅಂಡ್ ಅರ್ನ್‌ನಲ್ಲಿ ಖಾಲಿ ಬಾಟಲಿ, ಕ್ಯಾನಿಗೆ 10 ಸೆಂಟ್. 60 ಮನೆಯವರು ವಾರಕ್ಕೆ 10ರಂತೆ 20 ವಾರ ತಂದರೆ 12,000 ಬಾಟಲಿ, 1,200 ಡಾಲರ್. ಸ್ವಾದ ಬೆರೆಸದ ಸಾದಾ ಹಾಲಿನ ಬಾಟಲಿ ಅದರಲ್ಲಿ ಸೇರುವುದಿಲ್ಲ, ಮೊದಲೇ ಹೇಳಿ, ಇಲ್ಲದಿದ್ದರೆ ಅರ್ಧ ಮೂಟೆ ಅದೇ ಬರುತ್ತದೆ. ಫೀಸು 10 ಡಾಲರ್ ಏರಿಸಿದರೆ 1,200. ಉಳಿದ 900 ಕ್ಯಾಂಟೀನು, ಸಾಸೇಜ್ ಸಿಜ್ಲ್‌ನಿಂದ ತರಬಹುದು. ಫ್ಯಾಮಿಲಿ ಟ್ಯಾಕ್ಸ್ ಬೆನಿಫಿಟ್ (ಮಕ್ಕಳಿರುವ ಮನೆಗಳಿಗೆ ಕೇಂದ್ರ ಸರ್ಕಾರದ ನೆರವು) ಪಡೆಯುವ ಮನೆಯವರಿಗೆ ರಾಜ್ಯ ಸರ್ಕಾರದ ಆಕ್ಟಿವ್ ಅಂಡ್ ಕ್ರಿಯೇಟಿವ್ ಕಿಡ್ಸ್ ವೋಚರ್ ಮಗುವೊಂದಕ್ಕೆ 50 ಡಾಲರಿನಂತೆ ವರ್ಷಕ್ಕೆ ಎರಡಿದೆ, ಅದನ್ನು ಪಡೆಯುವಂತೆ ತಿಳಿಸಿ. ದೊಡ್ಡ ಮೊತ್ತ ಕೊಡುವ ಪೋಷಕರಿದ್ದರೆ ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಫೌಂಡೇಷನ್ ಮೂಲಕ ತೆಗೆದುಕೊಳ್ಳಿ, ಅವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆ.

ಒಪ್ಪಂದ ಓದದೆ ಲೀಗ್ಸ್ ಕ್ಲಬ್ಬಿಗೆ ಏನೂ ಹೇಳಬೇಡಿ. ಅವಧಿ ಎಷ್ಟು, ಎಷ್ಟು ದಿನ ಮುಂಚೆ ತಿಳಿಸಬೇಕು, ಬೇರೆ ಪ್ರಾಯೋಜಕರನ್ನು ಸೇರಿಸಬಾರದೆಂಬ ಷರತ್ತಿದೆಯಾ, ನೆಟ್ಸ್ ಅಥವಾ ಲೈಟಿಗೆ ಕೊಟ್ಟದ್ದು ದಾನವಾ ಸಾಲವಾ. ಹೊರಬರುವ ದಿನವನ್ನು ಹೊಸ ಅಂಗಿ ಮಾಡಿಸುವ ವರ್ಷಕ್ಕೆ ಹೊಂದಿಸಿ. ಎಷ್ಟೋ ಕಡೆ ದುಡ್ಡು ನಿಂತ ಮೇಲೂ ಹಳೆಯ ಅಂಗಿಯ ಮೇಲೆ ಆ ಹೆಸರು ಹಾಗೇ ಓಡಾಡುತ್ತಿರುತ್ತದೆ, ಇಲ್ಲವೇ ಎದೆಯ ಜಾಗ ಖಾಲಿಯಿಲ್ಲದೆ ಹೊಸ ಪ್ರಾಯೋಜಕ ಸಿಗುವುದಿಲ್ಲ. ನಿರ್ಧಾರವನ್ನು ವಾರ್ಷಿಕ ಸಭೆಯಲ್ಲಿ ಪ್ರಾಯೋಜಕತ್ವದ ನೀತಿಯಾಗಿ ಮಂಡಿಸಿ. ಸಾಮಾನ್ಯ ಬಹುಮತ ಸಾಕು. ಕ್ಲಬ್ಬಿನ ಸಂವಿಧಾನಕ್ಕೇ ಸೇರಿಸುವುದಾದರೆ ವಿಶೇಷ ನಿರ್ಣಯ ಬೇಕು, 21 ದಿನದ ನೋಟಿಸು, ಮುಕ್ಕಾಲು ಪಾಲು ಮತ. ನನ್ನನ್ನು ಕೇಳಿದರೆ ಮೊದಲ ವರ್ಷ ನೀತಿ, ಅದು ನಿಂತ ಮೇಲೆ ಸಂವಿಧಾನ.

ಕೆಡುವುದು ಹೆಚ್ಚಾಗಿ ಮೂರು ಕಡೆ. ಸೀಸನ್ ನಡುವೆ ಬಿಡುವುದು. ಒಮ್ಮೆ ಸಿಕ್ಕ ಸರ್ಕಾರಿ ಅನುದಾನವನ್ನು ಮೈದಾನದ ಬಾಡಿಗೆಯಂಥ ಪ್ರತಿವರ್ಷದ ಖರ್ಚಿಗೆ ನಂಬಿಕೊಳ್ಳುವುದು. ಅದನ್ನು ರೋಲರ್, ನೆಟ್ಸ್‌ನಂಥ ಒಂದೇ ಸಲದ ಖರೀದಿಗೆ ಇಡಿ. ಮೂರನೆಯದು ತೀರಾ ಕೆಟ್ಟದ್ದು: ಪೋಕೀಸ್ ಬಿಟ್ಟು ಆನ್‌ಲೈನ್ ಬೆಟ್ಟಿಂಗ್ ಕಂಪನಿಯ ಹೆಸರನ್ನು ಅಂಗಿಗೆ ಹಾಕಿಸುವುದು. ನೀತಿಯಲ್ಲಿ "ಯಾವುದೇ ಬಗೆಯ ಜೂಜು" ಎಂದೇ ಬರೆಯಿರಿ.

ಲೀಗ್ಸ್ ಕ್ಲಬ್ಬಿನ ಜನರ ಜೊತೆ ಜಗಳ ಬೇಡ. ಅಲ್ಲಿನ ಸಿಬ್ಬಂದಿ, ಹಳೆಯ ಸದಸ್ಯರು ಎಷ್ಟೋ ವರ್ಷ ನಿಮ್ಮ ಮಕ್ಕಳಿಗಾಗಿ ಓಡಾಡಿದವರು, ಧನ್ಯವಾದದ ಪತ್ರ ಬರೆದೇ ಹೊರಬನ್ನಿ. ಇಷ್ಟೆಲ್ಲ ಆಗುವವರೆಗೆ ಕಾಯದೆ ಈ ಸೀಸನ್ನಿನಲ್ಲೇ ಮಾಡಬಹುದಾದದ್ದು ಬಹುಮಾನ ವಿತರಣೆಯ ಜಾಗ ಬದಲಿಸುವುದು. 18 ತುಂಬದವರು ಯಂತ್ರಗಳಿರುವ ಜಾಗಕ್ಕೆ ಹೋಗುವಂತಿಲ್ಲ, ನಿಜ, ಆದರೆ ಹಾಲ್‌ನಿಂದ ಟಾಯ್ಲೆಟ್ಟಿಗೆ ಹೋಗುವ ಮಗುವಿಗೆ ಬಾಗಿಲಾಚೆಯ ಸದ್ದು, ಬಣ್ಣದ ಬೆಳಕು ತಪ್ಪುವುದಿಲ್ಲ. ಕೌನ್ಸಿಲಿಗೆ ಮೈದಾನದ ಬುಕಿಂಗ್ ಅರ್ಜಿ ಈಗಲೇ ಹಾಕಿ, ಮಾರ್ಚ್ ಕೊನೆಯ ವಾರಾಂತ್ಯಗಳು ಬೇಗ ತುಂಬುತ್ತವೆ. ಪೋಷಕರಿಗೆ ಕಳಿಸುವ ಪತ್ರದ ಕೆಳಗೆ ಜೂಜಿನ ಸಹಾಯವಾಣಿ 1800 858 858 ಒಂದು ಸಾಲು ಸೇರಿಸಿ. ಉಚಿತ, ಹಗಲು ರಾತ್ರಿ ಇರುತ್ತದೆ.