ಬಿಟ್ಟುಹೋದ ದಾಖಲೆಯನ್ನು ತಪಾಸಣೆಗಾಗಿ ತುಂಬಬಹುದೇ?

ಆಸ್ಪತ್ರೆಯ ಗುಣಮಟ್ಟಕ್ಕೆ ಮಾನ್ಯತೆ ಕೊಡಲು ನಡೆಯುವ ತಪಾಸಣೆಯ ದಿನ ಗೊತ್ತಾದೊಡನೆ ಶುಶ್ರೂಷಕರಿಂದ ಬರುವ ಪ್ರಶ್ನೆಗಳಲ್ಲಿ ಕೆಳಗಿನ ಮೊದಲನೆಯದು, ಎಷ್ಟು ಸಲ ಉತ್ತರಿಸಿದರೂ ಮರಳಿ ಬರುತ್ತಿದೆ. ಆದ್ದರಿಂದ ಈ ಬಾರಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ತಪಾಸಣೆಗೆ ಎರಡು ವಾರ ಉಳಿದಿದೆ. ಕಳೆದ ಮೂರು ತಿಂಗಳ ಕೇಸ್ ಶೀಟುಗಳಲ್ಲಿ ನೋವಿನ ಮರುಪರಿಶೀಲನೆಯ (ಔಷಧ ಕೊಟ್ಟ ಮೇಲೆ ನೋವು ಎಷ್ಟಿದೆ ಎಂದು ಮತ್ತೆ ಕೇಳಿ ಬರೆಯುವ) ಅಂಕಗಳೂ ಕೆಲವು ಸಹಿಗಳೂ ಬಿಟ್ಟುಹೋಗಿವೆ. ರಾತ್ರಿ ಪಾಳಿಯಲ್ಲಿ ಕುಳಿತು ಎಲ್ಲವನ್ನೂ ತುಂಬಿಬಿಡಿ ಎಂದು ಇನ್‌ಚಾರ್ಜ್ ಸಿಸ್ಟರ್ ಹೇಳಿದ್ದಾರೆ. ತುಂಬಬಹುದೇ?

ಉತ್ತರ: ತುಂಬಕೂಡದು. ಮೂರು ತಿಂಗಳ ಹಿಂದೆ ಮನೆಗೆ ಹೋದ ರೋಗಿಯ ನೋವಿಗೆ ಇಂದು ಅಂಕ ಕೊಡುವುದು ಸುಳ್ಳು ದಾಖಲೆಯ ಸೃಷ್ಟಿ. ನಾಳೆ ಆ ಕೇಸ್ ಶೀಟ್ ನ್ಯಾಯಾಲಯದ ಮುಂದೆ ಬಂದರೆ, ತುಂಬಿರೆಂದು ಬಾಯಿಮಾತಿನಲ್ಲಿ ಹೇಳಿದವರ ಹೆಸರು ಅದರಲ್ಲಿ ಎಲ್ಲಿಯೂ ಇರುವುದಿಲ್ಲ, ನಿಮ್ಮ ಸಹಿ ಇರುತ್ತದೆ.

ಪರಿಶೀಲಕರಿಗೆ ಇದು ತಿಳಿಯುವುದಿಲ್ಲವೆಂಬ ನಂಬಿಕೆಯೂ ತಪ್ಪು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ಜಾರಿಗೆ ತಂದ ಟ್ರೇಸರ್ ವಿಧಾನದಲ್ಲಿ ಪರಿಶೀಲಕರು ಒಬ್ಬ ರೋಗಿಯನ್ನು ಆರಿಸಿಕೊಂಡು, ಅವರು ದಾಖಲಾದ ಗಳಿಗೆಯಿಂದ ವಾರ್ಡ್, ಶಸ್ತ್ರಚಿಕಿತ್ಸಾ ಕೊಠಡಿ, ಔಷಧಾಲಯಗಳವರೆಗೆ ಜಾಡು ಹಿಡಿದು ಹೋಗುತ್ತಾರೆ. ಹಾಗೆ ಹೋಗುವಾಗ ಔಷಧ ಚಾರ್ಟನ್ನು ಡ್ಯೂಟಿ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ, ರಜೆಯಲ್ಲಿದ್ದವರ ಸಹಿ ಕಾಣುತ್ತದೆ. ರೋಗಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿದ್ದ ಹೊತ್ತಿಗೆ ವಾರ್ಡಿನಲ್ಲಿ ರಕ್ತದೊತ್ತಡ ನೋಡಿದ ದಾಖಲೆ ಕಾಣುತ್ತದೆ. ಮೂರೂ ಪಾಳಿಯ ಬರಹ ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ ಇರುವುದೂ ಕಾಣುತ್ತದೆ. ಒಂದು ಸುಳ್ಳು ಸಿಕ್ಕಿದ ಮೇಲೆ ನೀವು ನಿಷ್ಠೆಯಿಂದ ಬರೆದ ನೂರು ಪುಟಗಳನ್ನೂ ಅದೇ ಅನುಮಾನದಿಂದ ಓದುತ್ತಾರೆ.

ನೀವೇ ಮಾಡಿದ ಕೆಲಸವನ್ನು ಬರೆಯಲು ಮರೆತಿದ್ದರೆ, 'ತಡವಾದ ದಾಖಲು' ಎಂದು ಸ್ಪಷ್ಟವಾಗಿ ಗುರುತಿಸಿ, ಬರೆಯುತ್ತಿರುವ ದಿನ ಮತ್ತು ಸಮಯ, ಕೆಲಸ ನಡೆದ ಸಮಯ ಎರಡನ್ನೂ ಹಾಕಿ ಬರೆಯಲು ಅವಕಾಶವಿದೆ. ಈ ವಿಷಯದಲ್ಲಿ ನಾನು ತುಸು ಹೆಚ್ಚೇ ಎಚ್ಚರಿಕೆಯವಳು: ನೆನಪು ಮಸುಕಾಗಿದ್ದರೆ ಅದನ್ನೂ ಬರೆಯಬೇಡಿ, ಖಾಲಿ ಜಾಗ ಖಾಲಿಯಾಗಿಯೇ ಇರಲಿ.

ಉಳಿದ ಎರಡು ವಾರಗಳಲ್ಲಿ ಮಾಡಬೇಕಾದ ಕೆಲಸ ಬೇರೆ ಇದೆ. ಮೂವತ್ತು ಕೇಸ್ ಶೀಟುಗಳನ್ನು ತೆಗೆದುಕೊಂಡು, ಎಷ್ಟರಲ್ಲಿ ನೋವಿನ ಮರುಪರಿಶೀಲನೆ ಇಲ್ಲ, ಅದು ಯಾವ ಪಾಳಿಯಲ್ಲಿ ಬಿಟ್ಟುಹೋಗಿದೆ ಎಂದು ಎಣಿಸಿ. ಪಾಳಿ ಮುಗಿಯುವ ಹೊತ್ತಿಗೆ ನೋವಿನ ಇಂಜೆಕ್ಷನ್ ಕೊಟ್ಟವರು ಮನೆಗೆ ಹೋಗಿರುತ್ತಾರೆ, ಹೊಸದಾಗಿ ಬಂದವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ. ಲೋಪ ಬಹಳ ಸಲ ಹುಟ್ಟುವುದು ಇಲ್ಲಿಯೇ. ಹಾಗಿದ್ದರೆ ಪಾಳಿ ಹಸ್ತಾಂತರದ ಹಾಳೆಯಲ್ಲಿ ಅದಕ್ಕೊಂದು ಸಾಲು ಸೇರಿಸಿ, ಒಂದು ವಾರದ ನಂತರ ಮತ್ತೆ ಎಣಿಸಿ, ಎರಡೂ ಲೆಕ್ಕಗಳನ್ನು ಪರಿಶೀಲಕರ ಮುಂದೆ ಇಡಿ. ತನ್ನ ಲೋಪವನ್ನು ತಾನೇ ಕಂಡುಹಿಡಿದು ತಿದ್ದಿಕೊಳ್ಳುವ ವಾರ್ಡನ್ನು ನೋಡಬೇಕೆಂದೇ ಅವರು ಬರುತ್ತಾರೆ. ಇನ್‌ಚಾರ್ಜ್ ಒಪ್ಪದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಬರವಣಿಗೆಯಲ್ಲಿಯೇ ತಿಳಿಸಿ.

ಪ್ರಶ್ನೆ: ಸಲಹೆಗಾರರೊಬ್ಬರು ಮಾದರಿ ಪ್ರಶ್ನೋತ್ತರಗಳನ್ನು ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದಾರೆ. ಉಪಯೋಗವಿದೆಯೇ?

ಉತ್ತರ: ಇಲ್ಲ. ಇಂಥ ಕಂಠಪಾಠವನ್ನು ಮಾರುವವರು ಆಸ್ಪತ್ರೆಯ ಹಣವನ್ನೂ ನಿಮ್ಮ ವಿಶ್ರಾಂತಿಯ ಸಮಯವನ್ನೂ ಹಾಳುಮಾಡುತ್ತಿದ್ದಾರೆ. ರೋಗಿಯ ಗುರುತಿಗೆ ಎರಡು ಆಧಾರಗಳು ಬೇಕೆಂದು ಒಪ್ಪಿಸುವ ಶುಶ್ರೂಷಕಿಯೇ ಮರುನಿಮಿಷ ಹಾಸಿಗೆಯ ಸಂಖ್ಯೆ ಕರೆದು ಮಾತ್ರೆ ಕೊಡುವುದನ್ನು ನಾನು ಕಂಡಿದ್ದೇನೆ. ಪರಿಶೀಲಕರು ನೋಡುವುದು ಬಾಯಿ ಹೇಳುವುದನ್ನಲ್ಲ, ಕೈ ಮಾಡುವುದನ್ನು.

ಪ್ರಶ್ನೆ: ಉತ್ತರ ಗೊತ್ತಿಲ್ಲದಿದ್ದರೆ ಏನು ಹೇಳಬೇಕು?

ಉತ್ತರ: ಗೊತ್ತಿಲ್ಲವೆಂದು ಹೇಳಿ, ಕಾರ್ಯವಿಧಾನದ ಕೈಪಿಡಿ ತೆರೆದು ತೋರಿಸಿ.

ಪ್ರಶ್ನೆ: ತೆರೆದ ವಯಲ್‌ಗಳನ್ನು (ಇಂಜೆಕ್ಷನ್ ಔಷಧದ ಪುಟ್ಟ ಬಾಟಲಿಗಳನ್ನು) ತಪಾಸಣೆಯ ದಿನ ಲಾಕರಿನಲ್ಲಿ ಇಡಬಹುದೇ?

ಉತ್ತರ: ಬಚ್ಚಿಡುವ ಯೋಚನೆಯನ್ನೇ ಬಿಡಿ. ಹಲವು ಡೋಸುಗಳ ವಯಲ್ ಮೇಲೆ ತೆರೆದ ದಿನಾಂಕ ಇಲ್ಲದಿದ್ದರೆ ಇಂದೇ ಎಸೆಯಿರಿ. ಇದ್ದರೂ, ತಯಾರಕರು ಬೇರೆ ಅವಧಿ ಹೇಳದ ಹೊರತು, 28 ದಿನ ದಾಟಿದ ಮೇಲೆ ಬಳಸಬೇಡಿ.

ಪ್ರಶ್ನೆ: ಕೈಗವಸು ಹಾಕಿಕೊಂಡಿದ್ದರೆ ಕೈ ತೊಳೆಯದಿದ್ದರೂ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ, ತಪಾಸಣೆ ಇರಲಿ ಇಲ್ಲದಿರಲಿ.