ಹುಲಿಯ ಬಾಯಲ್ಲಿ ಪುಣ್ಯಕೋಟಿ ಕಥೆ

ಪುಣ್ಯಕೋಟಿ ಕಥೆಯನ್ನು ಹುಲಿಯೇ ಹೇಳುವಂತೆ ಬರೆದರೂ ಬರೀ ಸಾರಾಂಶವಾಗಿದೆ ಅಂದಿದ್ದೀರಿ. ನಿಮ್ಮ ಹುಲಿಗೆ ಇಡೀ ಹಾಡು ಮೊದಲೇ ಗೊತ್ತಿರುವುದೇ ಬಹುಶಃ ಇದಕ್ಕೆ ಕಾರಣ. ಕರಡು ನೋಡಿಲ್ಲ, ಹಾಗಾಗಿ ಇದು ಊಹೆ.

ಮೊದಲು ಹುಲಿಯ ಕಣ್ಣಿಗೆ ಬೀಳದ್ದನ್ನೆಲ್ಲ ತೆಗೆಯಿರಿ. ದೊಡ್ಡಿಯಲ್ಲಿ ಕರು ಗೋಳಾಡಿದ್ದು, ತಾಯಿ ಅದನ್ನು ಬೇರೆ ಹಸುಗಳಿಗೆ ಒಪ್ಪಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಆಗ ಉಳಿಯುವುದು ಕಾಯುವ ಹೊತ್ತು. ಅಲ್ಲೇ ಜಾಸ್ತಿ ನಿಲ್ಲಿ. ಹೊಟ್ಟೆ ಹಸಿದಿದೆ, ಸಿಕ್ಕಿದ್ದನ್ನು ತಾನೇ ಬಿಟ್ಟು ಕಳಿಸಿದೆ. ಹುಲಿ ಅರ್ಬುತ ತನ್ನನ್ನೇ ಬೈದುಕೊಳ್ಳಲಿ. ಹಸು ಬರುವುದೇ ಇಲ್ಲ ಅಂತ ಅದಕ್ಕೆ ಖಾತ್ರಿಯಾಗಲಿ.

ಆಮೇಲೆ ಅವಳನ್ನು ಗವಿಯ ಬಾಗಿಲಿಗೆ ತನ್ನಿ. ಹುಲಿ ಯಾಕೆ ಪ್ರಾಣ ಬಿಟ್ಟಿತು ಅಂತ ವಿವರಿಸಿದ ಸಾಲುಗಳಿದ್ದರೆ ಹೊಡೆದುಹಾಕಿ (ನೀತಿ ಎಲ್ಲರಿಗೂ ಬಾಯಿಪಾಠ, ಅಲ್ವಾ?). ನಂತರ ಒಮ್ಮೆ ಜೋರಾಗಿ ಓದಿ ನೋಡಿ.